ಮುಚ್ಚಳ ಎಲ್ಲಿದೆ, ತೋರಿಸಿ ನೋಡೋಣ

ನಿಮ್ಮ ಮನೆ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಎಲ್ಲಿದೆ? ಥಟ್ಟನೆ ಕೈ ತೋರಿಸುವವರು ಕಡಿಮೆ. ನನಗೂ ಗೊತ್ತಿರಲಿಲ್ಲ.

ಕೋಲಾರದಲ್ಲಿ ನಮ್ಮ ಮನೆ ಇರುವ ಕಡೆಗೆ ಯುಜಿಡಿ (ಒಳಚರಂಡಿ) ಲೈನ್ ಇಲ್ಲ. ಮಗಳ ಸೀಮಂತದ ದಿನ ಮನೆ ತುಂಬ ನೆಂಟರು. ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಬಚ್ಚಲ ಜಾಲರಿಯಿಂದ ಗುಳುಗುಳು ಅಂತ ಕಪ್ಪು ನೀರು ಮೇಲೆ ಬಂತು. ಮುಚ್ಚಳ ಹುಡುಕಿದರೆ, ಅಂಗಳಕ್ಕೆ ಟೈಲ್ಸ್ ಹಾಕಿದ ಮೇಸ್ತ್ರಿ ಅದನ್ನೂ ಸೇರಿಸಿ ಮುಚ್ಚಿಬಿಟ್ಟಿದ್ದ. ನಾಲ್ಕು ಕಡೆ ಟೈಲ್ಸ್ ಒಡೆದ ಮೇಲೆ ಐದನೇ ಕಡೆ ಚಪ್ಪಡಿ ಸಿಕ್ಕಿತು. ಒಳಗೆ ಒಬ್ಬಟ್ಟಿನ ಘಮ, ಹೊರಗೆ ಇದು. ಆವತ್ತಿನಿಂದ ಟ್ಯಾಂಕಿನ ಉಸ್ತುವಾರಿ ನನ್ನದು. ಹೆಂಗಸರಿಗೆ ಯಾಕೆ ಈ ಕೆಲಸ ಅಂದರು ನಮ್ಮ ಯಜಮಾನರು. ವಾಸನೆ ಬಂದರೆ ಮೊದಲು ಗೊತ್ತಾಗುವುದು ಯಾರಿಗೆ, ಅಲ್ವಾ?

ಮುಚ್ಚಳ ತೆಗೆದಾಗ ನೀರು ಮೇಲಿನವರೆಗೆ ಕಂಡರೆ ಗಾಬರಿ ಬೇಡ. ಸೆಪ್ಟಿಕ್ ಟ್ಯಾಂಕ್ ಯಾವಾಗಲೂ ತುಂಬಿಯೇ ಇರುತ್ತದೆ. ಈ ಕಡೆಯಿಂದ ಎಷ್ಟು ನೀರು ಬಂತೋ ಅಷ್ಟೇ ಆ ಕಡೆಯಿಂದ ಇಂಗುಗುಂಡಿಗೆ ಹೋಗುತ್ತದೆ. ನಡುವೆ ಒಂದೆರಡು ದಿನ ನೀರು ಸುಮ್ನೆ ನಿಲ್ಲಬೇಕು, ಅಷ್ಟೇ ಇದರ ಗುಟ್ಟು. ಭಾರದ್ದು ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ಕೆನೆ ಕಟ್ಟುತ್ತದೆ. ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಕೆಸರನ್ನು ಮೆಲ್ಲಗೆ ಕರಗಿಸುತ್ತವೆ. ಆದರೆ ಪೂರ್ತಿ ಕರಗುವುದಿಲ್ಲ. ಉಳಿದದ್ದು ವರ್ಷ ವರ್ಷ ಏರಿ, ನೀರು ನಿಲ್ಲಲು ಜಾಗ ಇಲ್ಲದಂತಾಗಿ, ಕೆಸರೇ ಇಂಗುಗುಂಡಿಗೆ ನುಗ್ಗುತ್ತದೆ. ಗುಂಡಿಯ ಮಣ್ಣು ಒಮ್ಮೆ ಕಟ್ಟಿಕೊಂಡರೆ ಮುಗೀತು. ಆಮೇಲೆ ಟ್ಯಾಂಕು ಎಷ್ಟು ಸಲ ಖಾಲಿ ಮಾಡಿಸಿದರೂ ಮತ್ತೆ ಉಕ್ಕುತ್ತದೆ. ಟ್ಯಾಂಕಿಗಿಂತ ಗುಂಡಿ ರಿಪೇರಿಯ ಖರ್ಚೇ ಜಾಸ್ತಿ.

ಕೆಸರು ಎಷ್ಟಿದೆ ಅಂತ ನೋಡಲು ನಾನೊಂದು ಉದ್ದನೆಯ ಗಳ ಇಟ್ಟಿದ್ದೇನೆ. ಅದರ ತುದಿಗೆ ಯಜಮಾನರ ಹಳೇ ಬಿಳಿ ಪಂಚೆ ಸುತ್ತಿ ದಾರ ಕಟ್ಟುತ್ತೇನೆ. ಮುಚ್ಚಳ ತೆಗೆಸಿ ಅರ್ಧ ಗಂಟೆ ದೂರ ಇರುತ್ತೇವೆ. ಒಳಗೆ ಕಟ್ಟಿಕೊಂಡ ಗ್ಯಾಸ್ ಹೋಗಬೇಕು. ಹತ್ತಿರದಲ್ಲಿ ಬೀಡಿ ಕೂಡದು, ಮಕ್ಕಳು ಕೂಡದು, ಬಗ್ಗಿ ಇಣುಕುವುದಂತೂ ಬೇಡವೇ ಬೇಡ. ಆಮೇಲೆ ಗಳವನ್ನು ಟ್ಯಾಂಕಿನ ಎರಡು ಚೇಂಬರುಗಳಲ್ಲಿ ಮೊದಲನೆಯದರ, ಅಂದರೆ ಮನೆಯ ಪೈಪ್ ಬಂದು ಸೇರುವ ಭಾಗದ, ತಳ ಮುಟ್ಟುವವರೆಗೆ ನಿಧಾನಕ್ಕೆ ಇಳಿಸಿ, ಎರಡು ನಿಮಿಷ ಬಿಟ್ಟು ಮೇಲಕ್ಕೆ ಎಳೆಯುವುದು. ಬಟ್ಟೆಯ ಕೆಳಭಾಗ ಇದ್ದಿಲಿನ ಹಾಗೆ ಕಪ್ಪಗಿರುತ್ತದೆ, ಮೇಲಿನದು ಬರೀ ಒದ್ದೆ. ಆ ಕಪ್ಪು ಎಲ್ಲಿಯವರೆಗಿದೆಯೋ ಅಷ್ಟು ಕೆಸರು. ನಾಲ್ಕೂವರೆ ಅಡಿ ನೀರಿಗೆ ಒಂದೂವರೆ ಅಡಿ ಕಪ್ಪು ಬಂತು ಅಂದರೆ ಕೆಸರು ಎಳೆಯುವ ಗಾಡಿಗೆ ಫೋನ್ ಮಾಡುವ ಕಾಲ. ಅಳೆಯುವ ಗೋಜು ಬೇಡ ಅನ್ನುವವರು ಎರಡು-ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಿದರಾಯಿತು. ಉಕ್ಕುವವರೆಗೆ ಕಾಯಬೇಡಿ.

ಸಕ್ಕಿಂಗ್ ಗಾಡಿ ಬಂದಾಗ ಮನೆಯವರು ಯಾರಾದರೂ ಎದುರಿಗೆ ನಿಲ್ಲಬೇಕು. ನಮ್ಮಲ್ಲಿ ಒಬ್ಬ ಎರಡನೇ ಚೇಂಬರಿನ ತಿಳಿನೀರಷ್ಟೇ ಎಳೆದುಕೊಂಡು, ಕಾಲು ಗಂಟೆಯಲ್ಲಿ ದುಡ್ಡು ಇಸಿದುಕೊಂಡು ಹೋದ. ಕೆಸರು ಮೊದಲನೇ ಚೇಂಬರಿನಲ್ಲಿ ಹಾಗೇ ಕೂತಿತ್ತು! ಎರಡೂ ಚೇಂಬರಿಗೆ ಪೈಪ್ ಇಳಿಸಬೇಕು, ಗಟ್ಟಿ ಇದ್ದರೆ ನೀರು ಬಿಟ್ಟು ಕಲಕಿಸಬೇಕು. ಹಾಗಂತ ಉಜ್ಜಿ ತೊಳೆಸಬೇಡಿ, ಹೊಸದಾಗಿ ಕೆಲಸ ಶುರುವಾಗಲು ತಳದಲ್ಲಿ ಸ್ವಲ್ಪ ಹಳೇ ಕೆಸರು ಉಳಿದರೆ ಒಳ್ಳೆಯದು. ಎಲ್ಲಿಗೆ ಸುರಿಯುತ್ತೀಯಪ್ಪ ಅಂತಲೂ ಕೇಳಿ. ಪಕ್ಕದ ದೇವನಹಳ್ಳಿಯಲ್ಲಿ ಈ ಕೆಸರನ್ನು ಗೊಬ್ಬರ ಮಾಡುವ ಘಟಕ 2015ರಲ್ಲೇ ಶುರುವಾಯಿತು. ಕೆರೆ ಕಾಲುವೆಗೆ ಬಿಟ್ಟರೆ ಅದು ಸುತ್ತಿ ಬಳಸಿ ನಮ್ಮ ಬೋರಿಗೇ ಬರುತ್ತದೆ.

ಇನ್ನು, ಯಾರನ್ನೂ ಒಳಗೆ ಇಳಿಸಬೇಡಿ. ಚಪ್ಪಲಿ ಬಿತ್ತು, ಇಟ್ಟಿಗೆ ಬಿತ್ತು, ಒಂದೇ ನಿಮಿಷ ಅಂತ ಅವರೇ ಇಳಿಯಲು ಬಂದರೂ ಬೇಡ. ಆ ಗಾಳಿ ಎರಡು ಉಸಿರಿಗೆ ಆಳನ್ನು ಬೀಳಿಸುತ್ತದೆ, ಎತ್ತಲು ಹೋದವನನ್ನೂ ಬೀಳಿಸುತ್ತದೆ. ಕೈಯಿಂದ ಮಲ ಎತ್ತಿಸುವುದನ್ನು ನಿಷೇಧಿಸಿದ 2013ರ ಕಾನೂನಿನಲ್ಲಿ ಇಳಿಸಿದವರಿಗೆ ಜೈಲು ಶಿಕ್ಷೆಯೂ ಇದೆ. ಕಾನೂನು ಇಲ್ಲದಿದ್ದರೂ ಇನ್ನೊಬ್ಬರ ಮನೆ ಮಗನನ್ನು ನಮ್ಮ ಹೊಲಸಿಗೆ ಇಳಿಸುವುದು ಯಾವ ನ್ಯಾಯ?

ಒಳಗೆ ಏನು ಹೋಗಬಾರದು ಅನ್ನುವುದನ್ನು ಸೊಸೆಗೆ ಒಂದೇ ಮಾತಲ್ಲಿ ಹೇಳಿದ್ದೆ: ನಮ್ಮ ಹೊಟ್ಟೆಯಿಂದ ಬಂದದ್ದು ಮತ್ತು ನೀರು, ಅಷ್ಟೇ. ಪ್ಯಾಡು, ಮಗುವಿನ ಡೈಪರ್, ಕೂದಲು, ಕರಿದ ಎಣ್ಣೆ, ಹಳೇ ಮಾತ್ರೆ ಯಾವುದೂ ಬೇಡ. ಬಾಟಲಿಗಟ್ಟಲೆ ಆ್ಯಸಿಡ್ ಸುರಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ವಾರಕ್ಕೊಮ್ಮೆ ಒಂದಿಷ್ಟು ಕ್ಲೀನರ್ ಹಾಕಿ ಬ್ರಷ್‌ನಲ್ಲಿ ಉಜ್ಜಿದರೆ ಸಾಕು. ಟ್ಯಾಂಕಿಗೆ ಹಾಕುವ ಪುಡಿ ಅಂತ ಅಂಗಡಿಯಲ್ಲಿ ಮಾರುತ್ತಾರೆ. ಅದು ಹಾಕಿದರೆ ಖಾಲಿ ಮಾಡಿಸುವುದೇ ಬೇಡ ಅಂದರೆ ನಂಬಬೇಡಿ.

ಸ್ನಾನದ ನೀರು, ಪಾತ್ರೆ ತೊಳೆದ ನೀರನ್ನು ನಾವು ಬೇರೆ ಪೈಪಿನಲ್ಲಿ ಬಾಳೆಗೂ ತೆಂಗಿಗೂ ತಿರುಗಿಸಿದ್ದೇವೆ. ಟ್ಯಾಂಕರ್ ನೀರಿಗೆ ದುಡ್ಡು ಕೊಡುವ ಊರಿನಲ್ಲಿ ಅದನ್ನು ಗುಂಡಿಗೆ ಬಿಡಲು ಮನಸ್ಸು ಬರುವುದಿಲ್ಲ. ಟ್ಯಾಂಕಿನ ಹೊರೆಯೂ ಇಳಿಯುತ್ತದೆ. ಮಳೆನೀರನ್ನಂತೂ ಇದಕ್ಕೆ ಸೇರಿಸಲೇಬೇಡಿ.

ಹೊಸದಾಗಿ ಮನೆ ಕಟ್ಟುವವರು ಇಂಗುಗುಂಡಿಗೂ ಬಾವಿ, ಬೋರಿಗೂ ಕನಿಷ್ಠ 60 ಅಡಿ ಅಂತರ ಬಿಡಿ. ಇನ್ನೂ ಜಾಸ್ತಿ ಆದರೆ ಮೇಲು. ಗುಂಡಿಯಿಂದ ನೀರಿಗೆ ಸೇರುವ ನೈಟ್ರೇಟ್ ಕಾಯಿಸಿದರೂ ಹೋಗುವುದಿಲ್ಲ. ಸಣ್ಣ ಸೈಟಿನಲ್ಲಿ ಅಷ್ಟು ಜಾಗ ಎಲ್ಲಿ ಬರುತ್ತದೆ ಅಂತ ಕೇಳುತ್ತಾರೆ. ಹಾಗಿದ್ದರೆ ಆ ಬೋರಿನ ನೀರು ಕುಡಿಯಲು ಬೇಡ.

ಒಂದು ಚಿಕ್ಕ ಕೆಲಸ ಮರೆತಿದ್ದೆ. ಟ್ಯಾಂಕಿನ ಗ್ಯಾಸ್ ಹೊರಗೆ ಹೋಗುವ ಪೈಪಿನ ಬಾಯಿಗೆ ಹಳೇ ಸೊಳ್ಳೆಪರದೆಯ ತುಂಡು ಕಟ್ಟಿ. ಸಂಜೆ ಮನೆಗೆ ನುಗ್ಗುವ ಸೊಳ್ಳೆಗಳಲ್ಲಿ ಎಷ್ಟೋ ಅಲ್ಲೇ ಹುಟ್ಟುತ್ತವೆ. ಬಿಸಿಲಿಗೆ ಪರದೆ ಹರಿಯುತ್ತದೆ, ವರ್ಷಕ್ಕೊಮ್ಮೆ ಬದಲಾಯಿಸಬೇಕು.

ಖಾಲಿ ಮಾಡಿಸಿದ ತಾರೀಕನ್ನು ನಾನು ಮೋಟರ್ ಸ್ವಿಚ್ಚಿನ ಪಕ್ಕ ಗೋಡೆ ಮೇಲೆ ಬರೆಯುತ್ತೇನೆ. ಬಣ್ಣ ಹೊಡೆಯಲು ಬಂದವರಿಗೆ ಆ ಮೊಳದಷ್ಟು ಜಾಗ ಮುಟ್ಟಬೇಡಿ ಅಂತ ಹೇಳಿದ್ದೇನೆ. ಈಗ ಅಲ್ಲಿ ನಾಲ್ಕು ತಾರೀಕು ಇವೆ. ಮುಚ್ಚಳದ ಮೇಲೆ ಟೈಲ್ಸ್ ಇಲ್ಲ, ಒಂದು ತುಳಸಿ ಕುಂಡವೂ ಇಟ್ಟಿಲ್ಲ.