ಕೊಳಕ್ಕೆ 3, ನೇತ್ರಾಣಿಗೆ ಐದೂವರೆ: ನನ್ನ ಸೀಸದ ಲೆಕ್ಕ

ಸ್ಕೂಬಾ ಡೈವಿಂಗಿನಲ್ಲಿ ಮೈ ತೇಲದೆ ಮುಳುಗಲಿ ಅಂತ ಸೊಂಟಕ್ಕೆ ಸೀಸ ಕಟ್ಟಿಕೊಳ್ಳುತ್ತೇವೆ. ಈಗ ನನಗೆ ಬೆಂಗಳೂರಿನ ಈಜುಕೊಳದಲ್ಲಿ 3 ಕೆಜಿ ಸೀಸ ಸಾಕು, ಮುರುಡೇಶ್ವರದ ಕಡೆಯ ನೇತ್ರಾಣಿ ದ್ವೀಪದ ಸಮುದ್ರದಲ್ಲಿ ಐದೂವರೆ. ಈ ಎರಡು ಅಂಕಿ ಹಿಡಿಯೋಕೆ ಮೂರು ಸೀಸನ್ ಹಿಡಿಯಿತು. ಮೊದಲೆಲ್ಲ ಸಮುದ್ರಕ್ಕೆ 8 ಕೆಜಿ ಕಟ್ಟಿಕೊಂಡು ಇಳಿಯುತ್ತಿದ್ದೆ. "ಲೆಕ್ಕ ಗಿಕ್ಕ ಬೇಡ ಮಾರಾಯ, ಉಪ್ಪುನೀರು ಎತ್ತುತ್ತದೆ, ಎರಡು ಕೆಜಿ ಜಾಸ್ತಿ ಹಾಕಿಕೊಂಡು ಇಳಿ" ಅಂತ ಬೋಟ್‌ನಲ್ಲಿ ಹಿರಿಯರು ಹೇಳುತ್ತಿದ್ದರು. ನಾನೂ ಹಾಗೇ ಮಾಡುತ್ತಿದ್ದೆ.

ಇಳಿಯೋದೇನೋ ಸುಲಭ. ತೊಂದರೆ ಎಲ್ಲ ಕೆಳಗೆ ಹೋದ ಮೇಲೆ. 15 ಮೀಟರಿನಲ್ಲಿ ವೆಟ್‌ಸೂಟ್ (ಸ್ಪಂಜಿನಂಥ ರಬ್ಬರ್ ಉಡುಪು) ಹಿಂಡಿಕೊಂಡು ಮೈ ಇನ್ನೂ ಭಾರ ಆಗುತ್ತೆ, ಅದಕ್ಕೆ ಬಿಸಿಡಿಗೆ, ಅಂದರೆ ಗಾಳಿ ತುಂಬಿ ತೇಲುವ ಜಾಕೆಟ್ಟಿಗೆ, ಗಾಳಿ ತುಂಬಬೇಕು, ಸ್ವಲ್ಪ ಮೇಲೆ ಬಂದರೆ ಅದೇ ಗಾಳಿ ಹಿಗ್ಗಿ ಎಳೆದುಕೊಂಡು ಹೋಗುತ್ತೆ, ಬಿಡು, ಮತ್ತೆ ತುಂಬು, ಇಡೀ ಡೈವ್ ಇದೇ ಕೆಲಸ. 35 ನಿಮಿಷಕ್ಕೇ ಸಿಲಿಂಡರಿನ ಗಾಳಿಯ ಒತ್ತಡ ತೋರಿಸುವ ಮೀಟರ್ 50 ಬಾರಿಗೆ, ಅಂದರೆ ಡೈವ್ ಮುಗಿಸಬೇಕಾದ ಮಟ್ಟಕ್ಕೆ, ಇಳಿದಿರುತ್ತಿತ್ತು. ಬಸ್ಸು, ರೂಮು, ಎರಡು ಡೈವ್ ಸೇರಿ ಒಂದು ಸಲಕ್ಕೆ ಹತ್ತಿರ ಹತ್ತಿರ 10 ಸಾವಿರ ಖರ್ಚು ಮಾಡಿ, ಮುರುಡೇಶ್ವರದಿಂದ ಅಷ್ಟು ದೂರ ಬೋಟ್‌ನಲ್ಲಿ ಹೋಗಿ, ಮೀನು ನೋಡೋದು ಬಿಟ್ಟು ಬಟನ್ ಒತ್ತುತ್ತಾ ಇದ್ದೆ.

ಮೊದಲ ತಪ್ಪು ಮಾಡಿದ್ದು ಕೊಳದಲ್ಲಿ. ಮಳೆಗಾಲದಲ್ಲಿ ನೇತ್ರಾಣಿ ಬಂದ್, ಆಗ ಅಭ್ಯಾಸ ಎಲ್ಲ ಕೊಳದಲ್ಲೇ ಅಲ್ವಾ. ಅಲ್ಲಿ ಬರೀ ಚಡ್ಡಿ, ಟೀಶರ್ಟಿನಲ್ಲಿ ಒಂದು ಕೆಜಿಗೆ ಸರಿಯಾಗಿ ನಿಂತೆ. ಸಮುದ್ರದಲ್ಲಿ ಎಂಟು, ಇಲ್ಲಿ ಒಂದು, ಅಂದರೆ ಉಪ್ಪಿನ ವ್ಯತ್ಯಾಸವೇ 7 ಕೆಜಿ ಅಂದುಕೊಂಡೆ. ಸಮುದ್ರದಲ್ಲಿ ಮೈಮೇಲೆ 3 ಮಿಲಿಮೀಟರ್ ಸೂಟ್ ಇರುತ್ತೆ ಅನ್ನೋದನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಆಮೇಲೆ ಕೊಳದಲ್ಲೂ ಅದೇ ಸೂಟ್ ಹಾಕಿದೆ. ಸೆಕೆ ತಡೆಯೋಕಾಗಲ್ಲ, ಆದರೂ ಹಾಕಲೇಬೇಕು. ಅಂಕಿ 3ಕ್ಕೆ ಬಂತು.

ಎರಡನೇ ತಪ್ಪು ಇದಕ್ಕಿಂತ ಕೆಟ್ಟದ್ದು. ಒಂದು ಸಲ ತುಂಬಿದ ಸಿಲಿಂಡರ್ ಇಟ್ಟುಕೊಂಡೇ ನೀರಿನ ಮೇಲೆ ತೇಲಿ ನೋಡಿ, ಸಮುದ್ರಕ್ಕೆ ಮೂರೂವರೆ ಸಾಕು ಅಂತ ತೀರ್ಮಾನ ಮಾಡಿದೆ. ಡೈವ್ ಪೂರ್ತಿ ಚೆನ್ನಾಗಿತ್ತು. ಕೊನೆಗೆ ಮೇಲೆ ಬರುವ ಮುಂಚೆ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವ ಸೇಫ್ಟಿ ಸ್ಟಾಪಿನಲ್ಲಿ ಬಿಸಿಡಿ ಪೂರ್ತಿ ಖಾಲಿ ಮಾಡಿದರೂ ಮೇಲೆ ಹೋಗುತ್ತಿದ್ದೇನೆ. ಲಂಗರಿನ ಹಗ್ಗ ಕೈಗೆ ಸಿಕ್ಕಿತು, ಕಾಲು ಮೇಲೆ, ತಲೆ ಕೆಳಗೆ ಮಾಡಿ ಮೂರು ನಿಮಿಷ ಕಳೆದೆ. ಹಗ್ಗಕ್ಕೆ ಅಂಟಿದ್ದ ಚಿಪ್ಪು ಕೊಯ್ದ ಗುರುತು ಅಂಗೈಯಲ್ಲಿ ಇನ್ನೂ ಇದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 200 ಬಾರ್ ಗಾಳಿಯೇ ಎರಡೂವರೆ ಕೆಜಿಗಿಂತ ಜಾಸ್ತಿ ತೂಗುತ್ತೆ. 50 ಬಾರಿಗೆ ಬರುವಷ್ಟರಲ್ಲಿ 2 ಕೆಜಿ ಹೋಗಿರುತ್ತೆ. ಹಾಗಾಗಿ ತೂಕ ನೋಡಬೇಕಾದ್ದು ಡೈವ್ ಮುಗಿದ ಮೇಲೆ. ಇನ್ನೊಂದು ಸಲ ಸ್ಟೀಲ್ ಸಿಲಿಂಡರ್ ಕೊಟ್ಟರು, ಆವತ್ತು ಈ ಲೆಕ್ಕವೆಲ್ಲ ತಲೆಕೆಳಗು. ಆ ಕಥೆ ಬೇರೆ.

ಆ ಮಳೆಗಾಲ ಮನೆಯ ಸಂಪಿನಲ್ಲಿ ಪ್ರಯೋಗಕ್ಕೆ ಕೂತೆ. ಲಗೇಜ್ ತೂಗುವ ಡಿಜಿಟಲ್ ತಕ್ಕಡಿ, ಸುಮಾರು 500 ರೂಪಾಯಿ. ಬಿಸಿಡಿಯನ್ನು ಅದಕ್ಕೆ ತೂಗುಹಾಕಿ, ಕೆಳಗೆ ಸೀಸ ಕಟ್ಟಿ, ನೀರಿಗೆ ಇಳಿಬಿಟ್ಟೆ. ಮೊದಲು ಒಂದು ಅಂಕಿ, ಐದು ನಿಮಿಷಕ್ಕೆ ಇನ್ನೊಂದು, ಜೇಬುಗಳನ್ನು ಹಿಂಡಿದಾಗ ಗುಳುಗುಳು ಅಂತ ಗುಳ್ಳೆ ಬಂದು ಮತ್ತೊಂದು. ಒಣ ಬಿಸಿಡಿ ಸುಮಾರು ಮುಕ್ಕಾಲು ಕೆಜಿ ಸುಳ್ಳು ಹೇಳುತ್ತೆ! ಅವತ್ತಿನಿಂದ ಡೈವಿಗೆ ಮುಂಚೆ ಅದನ್ನು ಚೆನ್ನಾಗಿ ನೆನೆಸಿ, ಹಿಂಡಿ ಆಮೇಲೇ ಹಾಕಿಕೊಳ್ಳೋದು. ಸೂಟನ್ನೂ ತೂಗಿದೆ. ಹೊಸದಕ್ಕೆ ಸುಮಾರು 1.8 ಕೆಜಿ ಎತ್ತುವ ಶಕ್ತಿ, ಸ್ನೇಹಿತನ ಹಳೇ ಸೂಟಿಗೆ 1.2 ಇರಬೇಕು. ಸೂಟ್ ಹಳೆಯದಾದಂತೆ ಸೀಸ ಇಳಿಸಬೇಕು ಅನ್ನೋದು ಆವಾಗ ಕಣ್ಣಾರೆ ಕಂಡಿತು.

ಅಲ್ಲಿಗೇ ಬಿಡಲಿಲ್ಲ. 200 ಲೀಟರಿನ ಡ್ರಮ್ಮಿಗೆ 7 ಕೆಜಿ ಸಾಣಿಕಟ್ಟಾ ಕಲ್ಲುಪ್ಪು ಕರಗಿಸಿ ಸಮುದ್ರದ ನೀರನ್ನೇ ಮಾಡಿದೆ. ಅದೇ ಬಿಸಿಡಿ ತೂಗಿದರೆ ಸಿಹಿನೀರಿಗೂ ಇದಕ್ಕೂ ಫರಕೇ ಕಾಣಲಿಲ್ಲ. ಉಪ್ಪು ದಂಡ ಅಂತ ಮನೆಯಲ್ಲಿ ಬೈಗುಳ. ಆದರೆ ನನಗೆ ಬೇಕಾದ್ದು ಸಿಕ್ಕಿತ್ತು: ಉಪ್ಪುನೀರು ಎತ್ತೋದು ನಾವು ನೀರಿನಲ್ಲಿ ಎಷ್ಟು ಜಾಗ ಹಿಡಿಯುತ್ತೇವೋ ಅದರ ಮೇಲೆ. ಬಿಸಿಡಿ ಹಿಡಿಯುವ ಜಾಗ ಎಷ್ಟು ಮಹಾ, ನಮ್ಮ ದೇಹದ್ದೇ ದೊಡ್ಡದು. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ. ನಾನು 74 ಕೆಜಿ, ಸಿಲಿಂಡರ್, ಸೂಟ್, ಸೀಸ ಎಲ್ಲ ಸೇರಿ 105ರ ಆಸುಪಾಸು. ಅದರ ನೂರಕ್ಕೆ ಎರಡೂವರೆ ಅಂದರೆ 2.6. ಕೊಳದ 3ಕ್ಕೆ ಇದನ್ನು ಸೇರಿಸಿದರೆ ಐದೂವರೆ, ಐದು ಮುಕ್ಕಾಲು. ನನ್ನ 3 ನಿಮಗೆ ಆಗಲ್ಲ, ನಿಮ್ಮದನ್ನು ನೀವೇ ಹುಡುಕಿ, ಆದರೆ ಕೊಳಕ್ಕೂ ಸಮುದ್ರಕ್ಕೂ ಅದೇ ಸೂಟ್, ಅದೇ ಸಿಲಿಂಡರ್ ಇರಲಿ.

ಮುಂದಿನ ಜನವರಿಯಲ್ಲಿ ಬೆಲ್ಟಿಗೆ ಐದೂವರೆ ಹಾಕಿದಾಗ ಬೋಟ್‌ನಲ್ಲಿ ನಕ್ಕರು. ಬೇಕಾದರೆ ಇರಲಿ ಅಂತ ಜೊತೆಗೆ ಇಳಿಯುವವರ ಜೇಬಿನಲ್ಲಿ ಒಂದು ಕೆಜಿ ಇಡಿಸಿದ್ದೆ, ಬೇಕಾಗಲಿಲ್ಲ. 50 ಬಾರಿನಲ್ಲಿ, 5 ಮೀಟರಿನಲ್ಲಿ, ಖಾಲಿ ಬಿಸಿಡಿಯಲ್ಲಿ ಅಲುಗಾಡದೆ ನಿಂತೆ, ಉಸಿರು ಎಳೆದರೆ ಒಂದು ಗೇಣು ಮೇಲೆ, ಬಿಟ್ಟರೆ ಒಂದು ಗೇಣು ಕೆಳಗೆ. ಡೈವ್ 48 ನಿಮಿಷ ಬಂತು. ಬೋಟಿಗೆ ಹತ್ತುವ ಮುಂಚೆ ನೀರಿನ ಮೇಲೂ ನೋಡಿದೆ: ನೀರು ಸರಿಯಾಗಿ ಕಣ್ಣಿನ ಮಟ್ಟಕ್ಕೆ, ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗಿತು ತಲೆ. ಐದೂವರೆಯಲ್ಲಿ ಕೊನೆಯ ಅರ್ಧ ಕೆಜಿ ಮೈಮೇಲೆ ಎಲ್ಲಿ ಕೂರಬೇಕು ಅನ್ನೋದೂ ಒಂದು ವಿದ್ಯೆ, ಅದನ್ನು ಇಲ್ಲಿ ಬರೆಯಲ್ಲ, ಜೊತೆಗೆ ಡೈವ್ ಮಾಡಿದವರಿಗೆ ತೋರಿಸುತ್ತೇನೆ.

ಭಟ್ಕಳದ ಗೆಳೆಯನೊಬ್ಬ ಜೆಡ್ಡಾದಲ್ಲಿದ್ದಾನೆ. ಕೆಂಪು ಸಮುದ್ರದಲ್ಲಿ ನಮ್ಮ ಕಡೆಗಿಂತ ಉಪ್ಪು ಜಾಸ್ತಿ. ನಿನ್ನ ನೇತ್ರಾಣಿಯ ಅಂಕಿಗೆ ಕಾಲು ಕೆಜಿಯಿಂದ ಅರ್ಧ ಕೆಜಿ ಸೇರಿಸಿಕೊಂಡು ಇಳಿ, 50 ಬಾರಿನಲ್ಲಿ ನೋಡಿ ಹೇಳು ಅಂದಿದ್ದೇನೆ. ಮುಂದಿನ ಶುಕ್ರವಾರ ಇಳಿಯುತ್ತಾನಂತೆ.