ಹಳೇ ಪಿಕಪ್‌ಗೆ ಖರ್ಚು ಮಾಡೋದಾದರೆ ಬ್ರೇಕ್‌ನಿಂದ ಶುರು ಮಾಡಿ

ಪುಣೆಯಿಂದ ಹಳೇ ಪಿಕಪ್‌ನಲ್ಲಿ ಬೆಳಗಾವಿಗೆ ಹೊರಡುವವರ ದಾರಿಯಲ್ಲಿ ಖಂಬಾಟ್ಕಿ ಘಾಟ್ ಸಿಗುತ್ತದೆ. ನನ್ನ ಗಾಡಿ ಅಲ್ಲೇ ಕುದ್ದು ನಿಂತಿತ್ತು, ಅದೂ ಹೊಸ ರೇಡಿಯೇಟರ್ ಹಾಕಿಸಿದ ಮೇಲೆ. ಕಾರಣ, ಫ್ಯಾನ್ ಸುತ್ತ ಶ್ರೌಡ್, ಅಂದರೆ ಗಾಳಿಯನ್ನು ರೇಡಿಯೇಟರ್ ಮೂಲಕವೇ ಎಳೆಯುವಂತೆ ಮಾಡುವ ಕವಚ, ಇರಲಿಲ್ಲ. ಅದಿಲ್ಲದಿದ್ದರೆ ಫ್ಯಾನ್ ಅಕ್ಕಪಕ್ಕದ ಬಿಸಿ ಗಾಳಿಯನ್ನೇ ಎಳೆಯುತ್ತದೆ, ರೇಡಿಯೇಟರ್ ಒಳಗಿಂದ ಗಾಳಿ ಸರಿಯಾಗಿ ಬರುವುದಿಲ್ಲ. ಶ್ರೌಡ್ ಮಾಡಿಸಿ. ಬರೀ ನೀರು ಬೇಡ, ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಹಾಕಿ.

ಆದರೆ ಮೊದಲ ದುಡ್ಡು ಬ್ರೇಕ್‌ಗೇ ಹೋಗಲಿ ಅಂತ ನಾನು ಕೈಮುಗಿದು ಹೇಳುತ್ತೇನೆ. ತುಂಬಾ ಹಳೇ ಗಾಡಿಗಳಲ್ಲಿ ಎಷ್ಟೋ ಸಲ ಸಿಂಗಲ್ ಮಾಸ್ಟರ್ ಸಿಲಿಂಡರ್ ಇರುತ್ತದೆ, ಅಂದರೆ ಪೆಡಲ್ ಒತ್ತಿದಾಗ ಬ್ರೇಕ್ ಫ್ಲೂಯಿಡನ್ನು ಎಲ್ಲ ಚಕ್ರಕ್ಕೂ ಒಂದೇ ಲೈನ್‌ನಲ್ಲಿ ತಳ್ಳುವ ಸಿಲಿಂಡರ್. ಒಂದೇ ಒಂದು ಪೈಪ್ ಒಡೆದರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ! ಡ್ಯುಯಲ್ ಸರ್ಕ್ಯೂಟ್ (ಎರಡು ಬೇರೆ ಬೇರೆ ಲೈನ್) ಹಾಕಿಸಿದರೆ ಎರಡು ಚಕ್ರದ ಬ್ರೇಕ್ ಆದರೂ ಉಳಿಯುತ್ತದೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸುವುದಾದರೆ ಹಳೇ ಡ್ರಮ್ ಬ್ರೇಕ್‌ಗೆ ಇದ್ದ ಮಾಸ್ಟರ್ ಸಿಲಿಂಡರನ್ನೇ ಸುಮ್ನೆ ಮುಂದುವರಿಸಬೇಡಿ. ಡಿಸ್ಕ್‌ಗೆ ಒತ್ತಡ ಜಾಸ್ತಿ ಬೇಕು. ಹಿಂದಿನ ಚಕ್ರ ಮೊದಲೇ ಲಾಕ್ ಆಗದಂತೆ ಹಿಂದಿನ ಬ್ರೇಕ್‌ಗೆ ಹೋಗುವ ಒತ್ತಡ ತಗ್ಗಿಸುವ ಪ್ರೊಪೋರ್ಷನಿಂಗ್ ವಾಲ್ವ್ ಇರಲಿ. ಬ್ರೇಕ್ ಫ್ಲೂಯಿಡ್ ತೇವ ಹೀರುತ್ತದೆ, 2 ವರ್ಷಕ್ಕೊಮ್ಮೆ ಬದಲಿಸಿ. ಪುಣೆ ಮಳೆಗಾಲ ಗೊತ್ತಲ್ಲ.

ಪವರ್ ಸ್ಟೀರಿಂಗ್ ಆಮೇಲೆ. ಮೊದಲು ಕಿಂಗ್ ಪಿನ್ (ಮುಂದಿನ ಚಕ್ರ ತಿರುಗಲು ಆಧಾರವಾದ ಪಿನ್), ಟೈ ರಾಡ್ ಎಂಡ್ (ಸ್ಟೀರಿಂಗ್ ರಾಡನ್ನು ಚಕ್ರಕ್ಕೆ ಜೋಡಿಸುವ ಕೀಲು) ನೋಡಿಸಿ. ಅವು ಸವೆದಿದ್ದರೆ ಪವರ್ ಸ್ಟೀರಿಂಗ್ ಹಾಕಿಸಿದರೂ ಗಾಡಿ ಓಲಾಡುತ್ತದೆ.

ಕೆಲಸ ಶುರುವಾಗುವ ಮೊದಲೇ ಆರ್‌ಟಿಒದಲ್ಲಿ ಯಾವುದಕ್ಕೆ ಅನುಮತಿ ಬೇಕು ಅಂತ ಕೇಳಿಕೊಳ್ಳಿ.