ಹೆಚ್ಚಿಟ್ಟ ಹಣ್ಣು: ಎಷ್ಟು ಹೊತ್ತು, ಎಲ್ಲಿ, ಹೇಗೆ

ಹೆಚ್ಚಿದ ಸೇಬು ಕೆಲವೇ ನಿಮಿಷಗಳಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ, ಅದು ಕೆಟ್ಟಿತೆಂದು ತಿಳಿದು ಎಸೆಯುವವರೂ ಇದ್ದಾರೆ. ಕಲ್ಲಂಗಡಿಯ ಹೋಳುಗಳು ಅಡುಗೆಮನೆಯ ಕಟ್ಟೆಯ ಮೇಲೆ ಮಧ್ಯಾಹ್ನವಿಡೀ ಇದ್ದರೂ ಕೆಂಪಗೆ ಹೊಳೆಯುತ್ತಲೇ ಇರುತ್ತವೆ, ಅವನ್ನು ಸಂಜೆ ಯಾವ ಅನುಮಾನವೂ ಇಲ್ಲದೆ ಮಕ್ಕಳ ಕೈಗೆ ಕೊಡುತ್ತೇವೆ. ಸುರಕ್ಷತೆಯ ದೃಷ್ಟಿಯಿಂದ ಈ ಎರಡೂ ತೀರ್ಮಾನಗಳು ತಲೆಕೆಳಗಾದವು. ಹೆಚ್ಚಿದ ಹಣ್ಣಿನ ಬಣ್ಣ ಕೆಡುವುದಕ್ಕೂ ಅದು ಹೊಟ್ಟೆ ಕೆಡಿಸುವುದಕ್ಕೂ ಕಾರಣಗಳು ಬೇರೆ ಬೇರೆ; ನೋಡಲು ಏನೂ ಆಗದಂತಿರುವ ಕಲ್ಲಂಗಡಿ, ಕರಬೂಜ, ಪರಂಗಿಗಳ ವಿಷಯದಲ್ಲೇ ನಾವು ಹೆಚ್ಚು ಎಚ್ಚರದಿಂದ ಇರಬೇಕು.

ಇಡೀ ಹಣ್ಣಿಗೆ ಸಿಪ್ಪೆಯೇ ರಕ್ಷಣೆ. ಚಾಕು ಇಳಿದ ಕ್ಷಣದಿಂದ ತಿರುಳಿನ ಸಕ್ಕರೆ ಮತ್ತು ನೀರು ಹೊರಗಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಒದಗುತ್ತವೆ. ಅವು ಎಷ್ಟು ಬೇಗ ಬೆಳೆಯುತ್ತವೆ ಎಂಬುದನ್ನು ಮುಖ್ಯವಾಗಿ ಎರಡು ಸಂಗತಿಗಳು ನಿರ್ಧರಿಸುತ್ತವೆ: ಹಣ್ಣಿನ ಹುಳಿ ಮತ್ತು ಸುತ್ತಲಿನ ಉಷ್ಣಾಂಶ. ಹುಳಿಯನ್ನು ಅಳೆಯುವ ಪಿಎಚ್ ಮಾನದಲ್ಲಿ ಅಂಕಿ ಇಳಿದಷ್ಟೂ ಹುಳಿ ಹೆಚ್ಚು; 4.6ಕ್ಕಿಂತ ಕೆಳಗಿರುವ ಆಹಾರದಲ್ಲಿ ರೋಗಕಾರಕ ಬ್ಯಾಕ್ಟೀರಿಯಾಗಳಿಗೆ ಬೆಳೆಯುವುದು ಕಷ್ಟ. ಅನಾನಸ್, ದಾಳಿಂಬೆ, ದ್ರಾಕ್ಷಿ, ಕಿತ್ತಳೆ, ಸೇಬು ಇವೆಲ್ಲ ಈ ಗೆರೆಯ ಕೆಳಗಿವೆ. ಕಲ್ಲಂಗಡಿ ಮತ್ತು ಪರಂಗಿ 5ರ ಮೇಲಿವೆ. ಕರಬೂಜ 6ನ್ನೂ ದಾಟುತ್ತದೆ, ಅಂದರೆ ಅದರಲ್ಲಿ ಹುಳಿ ಎಂಬುದು ಇಲ್ಲವೆಂದೇ ಹೇಳಬೇಕು. ಹುಳಿಯಾದ ಹಣ್ಣು ಕೆಡುವುದೇ ಇಲ್ಲವೆಂದು ಇದರ ಅರ್ಥವಲ್ಲ. ಅದರಲ್ಲಿ ಯೀಸ್ಟ್ ಮತ್ತು ಬೂಷ್ಟು ಬೆಳೆದು ವಾಸನೆಯ ಮೂಲಕ ತಾವಾಗಿಯೇ ಸುಳಿವು ಕೊಡುತ್ತವೆ. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಬೆಳೆದ ಕರಬೂಜ ಅಂಥ ಸುಳಿವನ್ನೇನೂ ಕೊಡಬೇಕೆಂದಿಲ್ಲ.

ಆದ್ದರಿಂದ ಮೊದಲ ನಿಯಮ ಸಮಯದ್ದು. ಹೆಚ್ಚಿದ ಹಣ್ಣನ್ನು ಹೊರಗಿನ ಹವೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು; ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಒಂದು ಗಂಟೆ ಮಾತ್ರ. ಬೆಂಗಳೂರಿನ ಹವೆ ತಂಪೆಂಬ ಹಳೆಯ ಹೆಮ್ಮೆಯನ್ನು ನೆಚ್ಚಿಕೊಂಡು ಈ ಒಂದು ಗಂಟೆಯ ಮಾತು ನಮಗಲ್ಲವೆಂದು ಭಾವಿಸುವಂತಿಲ್ಲ. ಕಲ್ಲಂಗಡಿ, ಕರಬೂಜಗಳು ಬೀದಿಬೀದಿಯಲ್ಲಿ ರಾಶಿ ಬೀಳುವ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲೇ ಇಲ್ಲಿನ ಮಧ್ಯಾಹ್ನಗಳು 33–35 ಡಿಗ್ರಿಯನ್ನು ಮುಟ್ಟುತ್ತವೆ. 2016ರ ಏಪ್ರಿಲ್ 24ರಂದು 39.2 ಡಿಗ್ರಿ ದಾಖಲಾಗಿತ್ತು. ಈ ಲೆಕ್ಕ ಶುರುವಾಗುವುದು ಹಣ್ಣನ್ನು ಹೆಚ್ಚಿದಾಗಿನಿಂದ, ನಾವು ಅದನ್ನು ಮನೆಗೆ ತಂದಾಗಿನಿಂದಲ್ಲ.

ಕೊಳ್ಳುವಾಗ

ಗಾಂಧಿ ಬಜಾರಿನಲ್ಲಾಗಲಿ, ಕೆ.ಆರ್. ಮಾರುಕಟ್ಟೆಯಲ್ಲಾಗಲಿ ಕಲ್ಲಂಗಡಿ ಕೊಳ್ಳುವಾಗ ಒಳಗೆ ಕೆಂಪಗಿದೆಯೇ ಎಂದು ತೋರಿಸಲು ವ್ಯಾಪಾರಿ ಹಣ್ಣಿನ ಪಕ್ಕೆಯಲ್ಲಿ ತ್ರಿಕೋನಾಕಾರದ ಒಂದು ತುಂಡನ್ನು ಕೊಯ್ದು ತೆಗೆದು, ಮತ್ತೆ ಅಲ್ಲೇ ಸಿಕ್ಕಿಸಿ ಕೊಡುವುದುಂಟು. ಆ ಚಾಕು ಬೆಳಗಿನಿಂದ ಎಷ್ಟು ಹಣ್ಣುಗಳ ಮಣ್ಣು ಮೆತ್ತಿದ ಸಿಪ್ಪೆಯನ್ನು ಸೀಳಿದೆ ಎಂಬುದು ಯಾರಿಗೂ ತಿಳಿಯದು. ಹೀಗೆ ಕೊಯ್ದ ಹಣ್ಣನ್ನು ಇಡೀ ಹಣ್ಣೆಂದು ಎಣಿಸದೆ ಹೆಚ್ಚಿದ ಹಣ್ಣೆಂದೇ ಎಣಿಸಬೇಕು. ಮನೆಗೆ ತಂದ ಕೂಡಲೇ ಕೊಯ್ದ ಜಾಗದ ಸುತ್ತ ಒಂದೆರಡು ಬೆರಳಗಲ ತೆಗೆದುಹಾಕಿ, ಉಳಿದದ್ದನ್ನು ಅಂದೇ ತಿಂದು ಮುಗಿಸುವುದು ಒಳ್ಳೆಯದು. ಕೊಯ್ಯಬೇಡಿ ಎಂದು ಮೊದಲೇ ಹೇಳಿಬಿಡುವುದು ಇನ್ನೂ ಸುಲಭ. ನೆಲಕ್ಕೆ ತಾಗಿದ್ದ ಮಚ್ಚೆ ಬಿಳುಪಾಗಿರದೆ ಹಳದಿಯಾಗಿದ್ದು, ಹಣ್ಣು ತನ್ನ ಗಾತ್ರಕ್ಕೆ ಮೀರಿ ಭಾರವಾಗಿದ್ದರೆ ಅದು ಮಾಗಿದೆಯೆಂದು ಬಹುಮಟ್ಟಿಗೆ ನಂಬಬಹುದು.

ಅಂಗಡಿಯಲ್ಲಿ ಹೆಚ್ಚಿಟ್ಟು ಪ್ಲಾಸ್ಟಿಕ್ ಹಾಳೆ ಸುತ್ತಿದ ಹಣ್ಣನ್ನು ಕೊಳ್ಳುವುದಾದರೆ ಅದು ತಣ್ಣನೆಯ ಕಪಾಟಿನೊಳಗೆ ಇದ್ದರೆ ಮಾತ್ರ ಕೊಳ್ಳಿ. ಬಿಲ್ ಮಾಡುವ ಮೇಜಿನ ಬಳಿ ಚೆಂದಕ್ಕೆ ಜೋಡಿಸಿಟ್ಟದ್ದು ಬೇಡ. ತಳ್ಳುಗಾಡಿಯಲ್ಲಿ ಕಣ್ಣೆದುರಿಗೇ ಸಿಪ್ಪೆ ತೆಗೆದು ಹೆಚ್ಚಿಕೊಡುವ ಅನಾನಸ್, ಮೊದಲೇ ಹೆಚ್ಚಿ ಐಸ್ ಗಡ್ಡೆಯ ಮೇಲೆ ಹರಡಿಟ್ಟ ಪರಂಗಿಗಿಂತ ಎಷ್ಟೋ ಮೇಲು. ಐಸ್ ತಣ್ಣಗಿರುತ್ತದೆ ಎಂಬುದು ನಿಜವಾದರೂ ಅದನ್ನು ಯಾವ ನೀರಿನಿಂದ ಮಾಡಿದ್ದಾರೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ತೊಳೆಯುವುದು ಮತ್ತು ಹೆಚ್ಚುವುದು

ಸಿಪ್ಪೆಯನ್ನು ತಿನ್ನುವುದಿಲ್ಲವಲ್ಲ, ಕಲ್ಲಂಗಡಿಯನ್ನೇಕೆ ತೊಳೆಯಬೇಕು ಎಂದು ಕೇಳುವವರು ಬಹಳ. ಸಿಪ್ಪೆಯ ಮೇಲಿನ ಕೊಳೆಯನ್ನು ಚಾಕುವೇ ತಿರುಳಿನೊಳಕ್ಕೆ ಒಯ್ಯುತ್ತದೆ ಎಂಬುದು ಅದಕ್ಕೆ ಉತ್ತರ. 2011ರಲ್ಲಿ ಅಮೆರಿಕದಲ್ಲಿ ಒಂದೇ ತೋಟದಿಂದ ಬಂದ ಕರಬೂಜದಿಂದ ಲಿಸ್ಟೀರಿಯಾ ಸೋಂಕು ಹರಡಿ 33 ಮಂದಿ ಸತ್ತರು. ಕರಬೂಜದ ಸಿಪ್ಪೆ ಬಲೆ ಹೆಣೆದಂತೆ ಒರಟಾಗಿರುವುದರಿಂದ ಅದರ ಸಂದುಗಳಲ್ಲಿ ಮಣ್ಣೂ ಸೂಕ್ಷ್ಮಜೀವಿಗಳೂ ಅಡಗಿ ಕೂರುತ್ತವೆ. ಅದನ್ನು ಹರಿಯುವ ನೀರಿನ ಕೆಳಗೆ ಹಿಡಿದು, ಹಣ್ಣು ತರಕಾರಿಗೆಂದೇ ಇಟ್ಟುಕೊಂಡ ಬ್ರಷ್ಷಿನಿಂದ ಉಜ್ಜಬೇಕು. ಸೋಪಾಗಲಿ, ಪಾತ್ರೆ ತೊಳೆಯುವ ದ್ರಾವಣವಾಗಲಿ ಬೇಡ. ಹಣ್ಣಿನ ಮೈಯಲ್ಲಿರುವ ಸಣ್ಣ ರಂಧ್ರಗಳು ಅದನ್ನು ಹೀರಿಕೊಳ್ಳುತ್ತವೆ. ಬೇಸಗೆಯಲ್ಲಿ ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡ ಮನೆಗಳಲ್ಲಿ, ಅಥವಾ ಸಂಪು ತೊಳೆಸಿ ಬಹಳ ಕಾಲವಾಗಿರುವಲ್ಲಿ, ನಲ್ಲಿ ನೀರಿನಲ್ಲಿ ಉಜ್ಜಿದ ಮೇಲೆ ಕೊನೆಯ ಬಾರಿ ಕುಡಿಯುವ ನೀರನ್ನು ಸುರಿದು ತೊಳೆಯುವುದು ಕ್ಷೇಮ.

ಮಾವಿನಹಣ್ಣನ್ನು ತಿನ್ನುವ ಮೊದಲು ಬಕೆಟ್ ನೀರಿನಲ್ಲಿ ಮುಳುಗಿಸಿಡುವ ರೂಢಿ ಅನೇಕ ಮನೆಗಳಲ್ಲಿದೆ. ಬಿಸಿಲಿನಲ್ಲಿ ಕಾದ ಹಣ್ಣನ್ನು ತಣ್ಣೀರಿನಲ್ಲಿ ಮುಳುಗಿಸಿದಾಗ ಹಣ್ಣಿನೊಳಗಿನ ಗಾಳಿ ಕುಗ್ಗಿ, ತೊಟ್ಟಿನ ಬಳಿಯಿಂದ ಹೊರಗಿನ ನೀರು ಒಳಕ್ಕೆ ಎಳೆಯಲ್ಪಡುವ ಸಾಧ್ಯತೆಯಿದೆ. ರೂಢಿಯನ್ನು ಬಿಡಬೇಕಾಗಿಲ್ಲ, ಹಣ್ಣು ಮೊದಲು ನೆರಳಿನಲ್ಲಿ ಆರಲಿ, ಸೊನೆಯನ್ನೂ ಧೂಳನ್ನೂ ಹರಿಯುವ ನೀರಿನಲ್ಲಿ ತೊಳೆಯಿರಿ, ಆಮೇಲೆ ಕುಡಿಯಲು ಯೋಗ್ಯವಾದ ನೀರಿನಲ್ಲೇ ನೆನೆಸಿ.

ತೊಳೆದ ಹಣ್ಣನ್ನು ಒಣ ಬಟ್ಟೆಯಲ್ಲಿ ಒರೆಸಿಯೇ ಹೆಚ್ಚಬೇಕು, ಹೆಚ್ಚಿದ ಮೇಲೆ ಮತ್ತೆ ತೊಳೆಯಬಾರದು. ಈಳಿಗೆಮಣೆಯಾಗಲಿ, ಚಾಕುವಾಗಲಿ, ಮಣೆಯಾಗಲಿ ಈರುಳ್ಳಿ, ಮಾಂಸ, ಮೀನು ಸೋಕಿದ್ದರೆ ಮೊದಲು ಅದನ್ನು ಸೋಪು ಹಾಕಿ ತೊಳೆಯಿರಿ. ಹರಿತವಾದ ಅಲಗು ಹಣ್ಣನ್ನು ಜಜ್ಜುವುದಿಲ್ಲ. ಜಜ್ಜಿದಷ್ಟೂ ರಸ ಹೊರಬಂದು ಹೋಳುಗಳು ಬೇಗ ಲೊಳೆಯಾಗುತ್ತವೆ. ಇದೇ ಕಾರಣಕ್ಕೆ ಮರುದಿನಕ್ಕೆಂದು ಇಡುವ ಹೋಳುಗಳು ದೊಡ್ಡದಾಗಿರಲಿ.

ಫ್ರಿಜ್ಜಿನೊಳಗೆ

ಹೋಳುಗಳನ್ನು ಒಣಗಿದ, ಬಿಗಿ ಮುಚ್ಚಳದ ಸ್ಟೀಲ್ ಅಥವಾ ಗಾಜಿನ ಡಬ್ಬಿಯಲ್ಲಿ ತುಂಬಿ. ಡಬ್ಬಿ ಆಳವಾಗಿರುವುದಕ್ಕಿಂತ ಅಗಲವಾಗಿದ್ದರೆ ಒಳಗಿನ ಹೋಳುಗಳೂ ಬೇಗ ತಣ್ಣಗಾಗುತ್ತವೆ. ಕಲ್ಲಂಗಡಿ, ಕರಬೂಜಗಳ ತಳದಲ್ಲಿ ರಸ ನಿಲ್ಲುತ್ತದೆ. ತಳಕ್ಕೆ ಕಾಗದದ ಟವೆಲ್ ಹಾಸಿ ದಿನಕ್ಕೊಮ್ಮೆ ಬದಲಾಯಿಸಬಹುದು, ಅಥವಾ ರಂಧ್ರಗಳಿರುವ ತಟ್ಟೆಯ ಮೇಲೆ ಹೋಳುಗಳನ್ನಿಟ್ಟು ಅದರ ಸಮೇತ ಡಬ್ಬಿಯೊಳಗೆ ಇಳಿಸಬಹುದು. ಉಪ್ಪು, ಖಾರದಪುಡಿ, ಚಾಟ್ ಮಸಾಲೆ, ಸಕ್ಕರೆ ಯಾವುದನ್ನೂ ಮೊದಲೇ ಉದುರಿಸಬೇಡಿ. ಉಪ್ಪೂ ಸಕ್ಕರೆಯೂ ತಿರುಳಿನ ನೀರನ್ನು ಹೊರಕ್ಕೆಳೆಯುವುದರಿಂದ ಬೆಳಗ್ಗೆ ಗರಿಗರಿಯಾಗಿದ್ದ ಸೀಬೆಹಣ್ಣು ಸಂಜೆಗೆ ತೊಯ್ದ ಬಟ್ಟೆಯಂತಾಗಿರುತ್ತದೆ.

ಫ್ರಿಜ್ಜಿನ ಒಳಗಿನ ಉಷ್ಣಾಂಶ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ತಿರುಗಿಸುವ ಗುಂಡಿಯ ಮೇಲಿರುವ 1ರಿಂದ 7ರವರೆಗಿನ ಅಂಕಿಗಳನ್ನು ಡಿಗ್ರಿಗಳೆಂದು ತಿಳಿದವರಿದ್ದಾರೆ. ಅವು ಡಿಗ್ರಿಗಳಲ್ಲ, ಸಾಮಾನ್ಯವಾಗಿ ಅಂಕಿ ಹೆಚ್ಚಿದಷ್ಟೂ ಒಳಗೆ ತಂಪು ಹೆಚ್ಚು. ಅಗ್ಗದ ಥರ್ಮಾಮೀಟರ್ ಒಂದನ್ನು ನೀರು ತುಂಬಿದ ಲೋಟದಲ್ಲಿ ಅದ್ದಿ ರಾತ್ರಿಯಿಡೀ ನಡುವಿನ ಅಟ್ಟಣಿಗೆಯಲ್ಲಿಟ್ಟು ಬೆಳಗ್ಗೆ ನೋಡಿದರೆ ನಿಜ ಸ್ಥಿತಿ ತಿಳಿಯುತ್ತದೆ. ಹಣ್ಣಿನ ಡಬ್ಬಿಯನ್ನು ಬಾಗಿಲಿನ ತಟ್ಟೆಯಲ್ಲಿಡಬಾರದು, ಬಾಗಿಲು ತೆರೆದಾಗಲೆಲ್ಲ ಮೊದಲು ಬಿಸಿಯಾಗುವ ಜಾಗ ಅದೇ. ಹಸಿ ಮಾಂಸ, ಮೀನು ಇಡುವ ಮನೆಯಾದರೆ ಅವು ಕೆಳಗಿರಲಿ, ಹಣ್ಣು ಮೇಲಿರಲಿ. ಮೇಲೆ ಹೇಳಿದ ಲಿಸ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ನಿಧಾನವಾಗಿ ಬೆಳೆಯಬಲ್ಲದು. ಗರ್ಭಿಣಿಯರು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಇರುವ ಮನೆಯಲ್ಲಿ ಕರಬೂಜವನ್ನು ಆಗಿಂದಾಗ್ಗೆ ಹೆಚ್ಚಿ ತಿನ್ನುವುದೇ ಮೇಲು, ಉಳಿಸಿಡುವ ಯೋಚನೆ ಬೇಡ.

ಇನ್ನು ದಿನಗಳ ಲೆಕ್ಕ. ಕಲ್ಲಂಗಡಿ, ಕರಬೂಜ, ಪರಂಗಿ ಮೂರು ದಿನ. ರುಚಿಯನ್ನು ಕೇಳಿದರೆ ಪರಂಗಿಗೆ ಎರಡು ದಿನವೇ ಸಾಕು. ಅನಾನಸ್, ಮಾವು ಮೂರರಿಂದ ನಾಲ್ಕು ದಿನ ಚೆನ್ನಾಗಿರುತ್ತವೆ. ಹಲಸಿನ ತೊಳೆಯನ್ನೂ ಮೂರು ದಿನ ಇಡಬಹುದು, ಆದರೆ ಡಬ್ಬಿಯ ಮುಚ್ಚಳ ಸ್ವಲ್ಪ ಸಡಿಲವಿದ್ದರೂ ಹಾಲು, ಬೆಣ್ಣೆ, ದೋಸೆ ಹಿಟ್ಟು ಎಲ್ಲಕ್ಕೂ ಅದರ ವಾಸನೆ ಹತ್ತುತ್ತದೆ. ಬಿಡಿಸಿದ ದಾಳಿಂಬೆ ಕಾಳುಗಳಷ್ಟು ಸಾಧುವಾದವು ಬೇರಿಲ್ಲ: ಒದ್ದೆಯಿಲ್ಲದೆ ಇಟ್ಟರೆ ಐದು ದಿನ ತಾಳುತ್ತವೆ. ಚಕ್ಕೋತದ ತೊಳೆಗಳನ್ನು ಒಳಪೊರೆ ಸುಲಿಯದೆ ಇಟ್ಟರೆ ಒಣಗುವುದಿಲ್ಲ. ಸಪೋಟ, ಬಾಳೆಹಣ್ಣುಗಳನ್ನು ಹೆಚ್ಚಿಡುವುದರಲ್ಲಿ ಅರ್ಥವಿಲ್ಲ. ಬಾಳೆಹಣ್ಣು ಹಾಕಿದ ರಸಾಯನವನ್ನು ಬಡಿಸುವ ಹೊತ್ತಿಗೆ ಕಲಸಬೇಕು. ಹಾಲು, ತೆಂಗಿನಹಾಲು ಸೇರಿದ ಮೇಲೆ ಅದು ಹಣ್ಣಿಗಿಂತ ಬೇಗ ಹಳಸುತ್ತದೆ. ಹಸಿ ಅನಾನಸ್ಸನ್ನು ಹಾಲು ಮೊಸರಿನೊಂದಿಗೆ ಕಲಸಿಟ್ಟರೆ ಅದರಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ.

ಸೇಬು, ಸೀಬೆ, ಬಾಳೆಹಣ್ಣು ಕಂದಾಗುವುದಕ್ಕೂ ಕಾರಣ ಕಿಣ್ವವೇ. ಹೆಚ್ಚಿದಾಗ ಜೀವಕೋಶಗಳು ಒಡೆದು, ಒಳಗೆ ಬೇರೆಬೇರೆಯಾಗಿದ್ದ ಫೀನಾಲ್ ಎಂಬ ರಾಸಾಯನಿಕಗಳೂ ಕಿಣ್ವವೂ ಗಾಳಿಯ ಆಮ್ಲಜನಕದೊಡನೆ ಕೂಡುತ್ತವೆ. ಒಂದು ಲೋಟ ನೀರಿಗೆ ಒಂದು ಚಮಚ ನಿಂಬೆರಸ ಹಿಂಡಿ ಹೋಳುಗಳನ್ನು ಐದು ನಿಮಿಷ ಅದ್ದಿ ತೆಗೆದರೆ ಈ ಕ್ರಿಯೆ ನಿಧಾನವಾಗುತ್ತದೆ. ಹುಳಿ ಬೇಡವೆನ್ನುವವರು ನಿಂಬೆರಸದ ಬದಲು ಅರ್ಧ ಚಿಕ್ಕ ಚಮಚ ಉಪ್ಪು ಕರಗಿಸಿ ಅದ್ದಿ, ಆಮೇಲೆ ಕುಡಿಯುವ ನೀರಿನಲ್ಲಿ ಒಮ್ಮೆ ಜಾಲಿಸಬಹುದು. ಹೆಚ್ಚಿದ ಹಣ್ಣನ್ನು ಮತ್ತೆ ತೊಳೆಯಬಾರದೆಂಬ ಮಾತಿಗೆ ಇದೊಂದು ವಿನಾಯಿತಿ. ಇವೆಲ್ಲ ಬಣ್ಣವನ್ನು ಉಳಿಸುವ ಉಪಾಯಗಳು ಮಾತ್ರ. ನಿಂಬೆರಸ ಹಾಕಿದ್ದೇವೆಂದು ಎರಡು ಗಂಟೆಯ ಗಡುವು ಮೂರು ಗಂಟೆಯಾಗುವುದಿಲ್ಲ.

ಶಾಲೆಯ ಡಬ್ಬಿ, ಸಮಾರಂಭ, ಕರೆಂಟು

ಬೆಳಗ್ಗೆ ಏಳಕ್ಕೆ ತುಂಬಿದ ಡಬ್ಬಿಯನ್ನು ಮಕ್ಕಳು ತೆರೆಯುವುದು ಹತ್ತೂವರೆಯ ಬಿಡುವಿನಲ್ಲಿ. ಅಷ್ಟರಲ್ಲಿ ಗಡುವು ದಾಟಿರುತ್ತದೆ. ಐಸ್ ಪ್ಯಾಕ್ ಇಡುವ ಚೀಲವಿಲ್ಲದಿದ್ದರೆ ಪರಂಗಿ, ಕಲ್ಲಂಗಡಿಯನ್ನು ಡಬ್ಬಿಗೆ ಹಾಕಬೇಡಿ. ಇಡೀ ಏಲಕ್ಕಿ ಬಾಳೆಹಣ್ಣು, ಸಿಪ್ಪೆ ಸುಲಿಯದ ಕಿತ್ತಳೆ, ಒಡೆಯದ ದ್ರಾಕ್ಷಿ ಹಾಕಿ ಕಳಿಸಿ. ದಪ್ಪ ಸಿಪ್ಪೆಯ ಬೆಂಗಳೂರು ನೀಲಿ ದ್ರಾಕ್ಷಿ ಬೀಜ ಉಗುಳಲು ಬಲ್ಲ ಮಕ್ಕಳಿಗೆ ಇದಕ್ಕೆ ಹೇಳಿಮಾಡಿಸಿದಂಥದ್ದು.

ಗೃಹಪ್ರವೇಶ, ನಾಮಕರಣಗಳಲ್ಲಿ ಹಣ್ಣಿನ ತಟ್ಟೆಯನ್ನು ಮೊದಲ ಪಂಕ್ತಿಗೂ ಕೊನೆಯ ಪಂಕ್ತಿಗೂ ಒಂದೇ ಸಲ ಸಿದ್ಧಪಡಿಸಿಬಿಡುತ್ತಾರೆ. ಅಡುಗೆಯವರಿಗೆ ಹೇಳಿ ಸ್ವಲ್ಪ ಸ್ವಲ್ಪವೇ ಹೊರತರಿಸಿ; ಖಾಲಿಯಾದ ತಟ್ಟೆಗೆ ಹೊಸ ಹೋಳುಗಳನ್ನು ಸುರಿಯದೆ ತಟ್ಟೆಯನ್ನೇ ಬದಲಾಯಿಸಬೇಕು, ಇಲ್ಲವಾದರೆ ಹಳೆಯ ರಸ ಹೊಸದಕ್ಕೆ ಹತ್ತುತ್ತದೆ.

ಮಳೆಗಾಳಿಗೆ ಮರ ಬಿದ್ದು ಕರೆಂಟು ಹೋದ ಸಂಜೆ ಫ್ರಿಜ್ಜಿನ ಬಾಗಿಲನ್ನು ತೆರೆಯದಿದ್ದರೆ ಒಳಗಿನ ತಂಪು ಸುಮಾರು ನಾಲ್ಕು ಗಂಟೆ ಉಳಿಯುತ್ತದೆ. ಅದಕ್ಕೂ ಹೆಚ್ಚು ಹೊತ್ತಾದರೆ ಹೆಚ್ಚಿದ ಕಲ್ಲಂಗಡಿ, ಕರಬೂಜ, ಪರಂಗಿಗಳನ್ನು ಉಳಿಸಿಕೊಳ್ಳುವುದು ಬೇಡ.

ಜೂನ್‌ನಲ್ಲಿ ಮನೆ ತುಂಬ ಬಾದಾಮಿ, ಮಲ್ಲಿಕಾ ಮಾವು ಒಟ್ಟಿಗೇ ಹಣ್ಣಾಗಿಬಿಟ್ಟರೆ ಫ್ರೀಜರ್ ಇದೆ. ಹೋಳುಗಳನ್ನು ತಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ ಗಾಳಿ ಹೊರಡಿಸಿ ತಾರೀಖು ಬರೆದಿಡಿ. ಮೈನಸ್ 18 ಡಿಗ್ರಿಯಲ್ಲಿ ಹಲವು ತಿಂಗಳು ಇರುತ್ತದೆ, ಆದರೆ ಕರಗಿಸಿದಾಗ ಮೆತ್ತಗಾಗುವುದರಿಂದ ಸೀಕರಣೆಗೋ ಮಿಲ್ಕ್‌ಶೇಕಿಗೋ ಬಳಸಬೇಕು. ಫ್ರೀಜರ್ ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ, ಸುಮ್ಮನೆ ತಡೆದಿಡುತ್ತದೆ. ಕೆಡಲು ಶುರುವಾದದ್ದನ್ನು ಅದರೊಳಗೆ ತಳ್ಳಿ ಪ್ರಯೋಜನವಿಲ್ಲ.

ಹೋಳು ಲೊಳೆಯಾಗಿದ್ದರೆ, ಮುಚ್ಚಳ ತೆಗೆದಾಗ ಹುಳಿ ಹೆಂಡದ ವಾಸನೆ ಬಂದರೆ, ರಸದಲ್ಲಿ ನೊರೆ ಕಂಡರೆ ರುಚಿ ನೋಡಲೂ ಹೋಗಬೇಡಿ. ಒಂದು ಹೋಳಿನಲ್ಲಿ ಬೂಷ್ಟು ಕಂಡರೆ ಅಷ್ಟನ್ನೇ ತೆಗೆದು ಉಳಿದದ್ದನ್ನು ತಿನ್ನುವುದು ಮೆದುವಾದ ಹಣ್ಣಿಗೆ ಸಲ್ಲದು, ಅದರ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆ ಹಬ್ಬಿರುತ್ತವೆ. ಅಂಥ ಅನಾನಸ್ಸನ್ನು ಗೊಜ್ಜು ಮಾಡಿ ಕುದಿಸಿದರೂ ಕೆಲವು ಬ್ಯಾಕ್ಟೀರಿಯಾಗಳ ವಿಷ ಹಾಗೆಯೇ ಉಳಿಯುತ್ತದೆ. ಹಸಿ ಕಸದ ಬುಟ್ಟಿಗೆ ಸುರಿದು, ಡಬ್ಬಿಯನ್ನೂ ಮುಚ್ಚಳದ ರಬ್ಬರ್ ಪಟ್ಟಿಯನ್ನೂ ಬಿಡಿಸಿ ಸೋಪು ಹಾಕಿ ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಮುಂದಿನ ಹಣ್ಣಿಗೆ ಬಳಸಿ.